ದುಡ್ಡು ಕೊಟ್ಟು ಹುಳಿ ಕಾಫಿ ಕುಡಿದೆವಾ?

ಪ್ರಶ್ನೆ: ನಾನು ಬೆಳಗಾವಿಯ ಹಿಂದವಾಡಿಯವನು. ನಿವೃತ್ತ ಹೈಸ್ಕೂಲ್ ಶಿಕ್ಷಕ, ವಯಸ್ಸು 63. ನಾವು ಚಹಾದ ಮಂದಿ ಸರ್. ನಮ್ಮ ಮನೆಯವರ ತವರು ಶಿವಮೊಗ್ಗ. ಅಲ್ಲಿಂದ ಬಂದ ಹಿತ್ತಾಳೆ ಫಿಲ್ಟರ್‌ನಲ್ಲಿ ಮುಂಜಾನೆ ಒಂದು ಸಲ ಕಾಫಿ, ಉಳಿದಂತೆ ದಿನವೆಲ್ಲ ಚಹಾನೇ. ದೀಪಾವಳಿಗೆ ಪುಣೆಯಿಂದ ಬಂದ ಮಗ ಒಂದು ಸಂಜೆ ನಮ್ಮನ್ನು ಹೊಸದಾಗಿ ಶುರುವಾದ ಎರಡು ಕೆಫೆಗಳಿಗೆ ಕರೆದುಕೊಂಡು ಹೋದ. ಒಂದರಲ್ಲಿ ಬೀಜ ಅಲ್ಲೇ ಹುರಿಯುತ್ತಾರೆ. ಎರಡೂ ಕಡೆ ‘ಪೋರ್ ಓವರ್’ ಅಂತ ಕಪ್ಪು ಕಾಫಿ ಕೊಟ್ಟರು, ಒಂದಕ್ಕೆ 240 ರೂಪಾಯಿ. ಮೊದಲನೆಯದು ಪರವಾಗಿಲ್ಲ ಅನ್ನಿಸಿತು. ಎರಡನೆಯದು ಲಿಂಬು ಹಿಂಡಿದಂತೆ ಹುಳಿ. ಕೇಳಿದರೆ, ‘ಅದು ಫ್ರೂಟಿ ನೋಟ್ಸ್ ಸರ್, ಅಭ್ಯಾಸ ಆಗ್ಬೇಕು’ ಅಂದ ಹುಡುಗ. ಅಲ್ಲೇ ‘ಫಿಲ್ಟರ್ ರೋಸ್ಟ್’ ಅಂತ ಬರೆದ ಕಾಲು ಕಿಲೋ ಪೊಟ್ಟಣ 600 ರೂಪಾಯಿಗೆ ತಂದೆವು, ಪುಡಿಯನ್ನೂ ಅವರೇ ಮಾಡಿಕೊಟ್ಟರು. ಮನೆಯ ಫಿಲ್ಟರ್‌ಗೆ ಹಾಕಿದರೆ ಡಿಕಾಕ್ಷನ್ ನೀರು ನೀರು, ಹಾಲು ಹಾಕಿದರೂ ಹುಳಿ. ಒಂದು ದಿನ ಹಾಲೇ ಒಡೆಯಿತು. ಕೆಫೆಗೆ ಹೋದ ದಿನ ರಾತ್ರಿ ಒಂದರ ತನಕ ನಿದ್ದೆ ಇಲ್ಲ. ನನಗೆ ಬಿಪಿ ಮಾತ್ರೆ ಇದೆ, ಆಗಾಗ ಎದೆ ಉರಿಯೂ ಇದೆ. ಇದರ ಮೇಲೆ ನನ್ನ ತಮ್ಮ, ‘ನೀವು ಇಷ್ಟು ವರ್ಷ ಕುಡಿದದ್ದು ಚಿಕೋರಿ ಕಲಬೆರಕೆ’ ಅನ್ನುತ್ತಾನೆ. ನಾವು ಮೋಸ ಹೋದೆವಾ? ಮಗ ಮುಂದಿನ ತಿಂಗಳು ಇನ್ನೊಂದು ಕೆಫೆಗೆ ಹೋಗೋಣ ಅಂತಿದ್ದಾನೆ. ಏನು ನೋಡಬೇಕು, ಏನು ಕೇಳಬೇಕು?

ಉತ್ತರ: ಮೋಸ ಹೋಗಿಲ್ಲ ಸರ್. ಆದರೆ ಆ ಹುಡುಗ ಹೇಳಿದ್ದೂ ಪೂರ್ತಿ ಸರಿಯಲ್ಲ. ಹುಳಿ ಅನ್ನಿಸಿದರೆ ಅದು ಹುಳಿಯೇ. ನಿಮ್ಮ ನಾಲಿಗೆಗೆ ಪಾಠ ಹೇಳುವ ಅಗತ್ಯ ಯಾರಿಗೂ ಇಲ್ಲ. ಆ ಹುಳಿ ಎಲ್ಲಿಂದ ಬಂತು ಅನ್ನೋದನ್ನು ಮಾತ್ರ ನೋಡಬೇಕು.

ಅದಕ್ಕೂ ಮೊದಲು ಪೊಟ್ಟಣದ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಫಿಲ್ಟರ್ ರೋಸ್ಟ್’ ಎಂಬ ಎರಡು ಪದಗಳ ಮೇಲೆ. ನಮಗೆ ಫಿಲ್ಟರ್ ಅಂದರೆ ಒಂದರ ಮೇಲೊಂದು ಕೂರುವ ಹಿತ್ತಾಳೆ ಅಥವಾ ಸ್ಟೀಲ್ ಪಾತ್ರೆ, ಗಟ್ಟಿ ಡಿಕಾಕ್ಷನ್, ಮೇಲೆ ಬಿಸಿ ಹಾಲು. ಈ ಹೊಸ ರೋಸ್ಟರ್‌ಗಳಿಗೆ, ಅಂದರೆ ಬೀಜ ಹುರಿದು ಮಾರುವವರಿಗೆ, ಫಿಲ್ಟರ್ ಅಂದರೆ ಕಾಗದದ ಸೋಸು. ಅದರಲ್ಲಿ ಪುಡಿ ಹಾಕಿ, ಮೇಲಿಂದ ಬಿಸಿ ನೀರು ಸುರಿದು ಇಳಿಸಿದ್ದೇ ನೀವು ಕುಡಿದ ಪೋರ್ ಓವರ್. ಅದಕ್ಕೆ ಹಾಲಿಲ್ಲ, ಸಕ್ಕರೆ ಇಲ್ಲ. ಅದಕ್ಕೆಂದೇ ಬೀಜವನ್ನು ತೆಳುವಾಗಿ ಹುರಿದಿರುತ್ತಾರೆ. ಹಾಲಿಗೆ ತಡೆಯುವ ಹುರಿಗೆ ಅವರಲ್ಲಿ ‘ಎಸ್ಪ್ರೆಸೊ ರೋಸ್ಟ್’ ಅಂತ ಹೆಸರು. ನಿಮ್ಮ ಮನೆಗೆ ಬೇಕಾದದ್ದು ಹೆಚ್ಚುಕಡಿಮೆ ಆ ಪೊಟ್ಟಣ. ನೀವು ಕೌಂಟರ್‌ನಲ್ಲಿ ನಿಂತು ‘ಫಿಲ್ಟರ್‌ಗೆ’ ಅಂದಿರಿ, ಅವರು ತಲೆ ಆಡಿಸಿದರು. ನೀವು ನೆನೆಸಿಕೊಂಡ ಪಾತ್ರೆ ಬೇರೆ, ಅವರು ನೆನೆಸಿಕೊಂಡದ್ದು ಬೇರೆ. ಬೆಂಗಳೂರು, ಮೈಸೂರಿನಲ್ಲೂ ಈ ಎಡವಟ್ಟನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪುಡಿಯನ್ನೂ ಕಾಗದದ ಸೋಸಿನ ಲೆಕ್ಕಕ್ಕೆ ತರಿತರಿಯಾಗಿ ಬೀಸಿರುತ್ತಾರೆ. ನಿಮ್ಮ ಹಿತ್ತಾಳೆ ಫಿಲ್ಟರ್‌ನಲ್ಲಿ ನೀರು ಅದರ ನಡುವೆ ಸರ್ರನೆ ಇಳಿದುಬಿಡುತ್ತದೆ. ಡಿಕಾಕ್ಷನ್ ನೀರಾದದ್ದಕ್ಕೆ ಅದೇ ಕಾರಣ. ಹಾಲು ಸ್ವಲ್ಪ ಹಳತಾಗಿದ್ದರೆ ಇಂಥ ಹುಳಿ ಡಿಕಾಕ್ಷನ್‌ಗೆ ಒಡೆಯುವುದೂ ಉಂಟು. ಕಾಫಿ ಕೆಟ್ಟಿದೆ ಅಂತಲ್ಲ.

ಈಗ ಹುಳಿಗೆ ಬರೋಣ. ಕಾಫಿ ಒಂದು ಹಣ್ಣಿನ ಬೀಜ. ಲಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ, ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಎರಡೂ ಹಸಿ ಬೀಜದಲ್ಲೇ ಇರುತ್ತವೆ. ಜಾಸ್ತಿ ಹುರಿದಷ್ಟೂ ಅವು ಕಡಿಮೆಯಾಗಿ ಕಹಿ ಏರುತ್ತದೆ. ನಾವು ತಲೆಮಾರುಗಳಿಂದ ಕುಡಿದದ್ದು ಕಪ್ಪಗೆ ಹುರಿದು ಚಿಕೋರಿ ಸೇರಿಸಿದ ಕಾಫಿ. ಹಾಗಾಗಿ ಕಾಫಿಯಲ್ಲಿ ಹುಳಿ ಇರುತ್ತದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಇಲ್ಲಿಯ ತನಕ ಆ ಹುಡುಗನ ಮಾತು ಸರಿ.

ಆದರೆ ಹುಳಿಯಲ್ಲಿ ಎರಡು ಜಾತಿ. ವಿಜಯಪುರದ ದ್ರಾಕ್ಷಿ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಣ್ಣಾದ ಗೊಂಚಲಿನಲ್ಲೂ ಹುಳಿ ಇರುತ್ತದೆ, ಆದರೆ ಸಿಹಿಯ ಜೊತೆಗೇ ಬರುತ್ತದೆ, ಬಾಯಲ್ಲಿ ನೀರೂರಿಸುತ್ತದೆ. ಕಾಯಿ ದ್ರಾಕ್ಷಿಯ ಹುಳಿ ಹಲ್ಲು ಜುಮ್ಮೆನ್ನಿಸಿ ಹೋಗುತ್ತದೆ, ಹಿಂದೆ ಏನೂ ಉಳಿಯೋದಿಲ್ಲ. ಮೊದಲ ಜಾತಿಯದು ಒಳ್ಳೆಯ ಬೀಜದ ಗುಣ. ಎರಡನೆಯದು ಹುರಿಯುವವನದೋ ಇಳಿಸುವವನದೋ ತಪ್ಪು. ‘ಫ್ರೂಟಿ ನೋಟ್ಸ್’ ಅನ್ನೋ ಮಾತು ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ನಿಮಗೆ ಮೊದಲ ಕೆಫೆಯ ಕಾಫಿ ‘ಪರವಾಗಿಲ್ಲ’ ಅನ್ನಿಸಿತಲ್ಲ, ಅದೂ ತೆಳು ಹುರಿಯದ್ದೇ ಇದ್ದೀತು. ಅಭ್ಯಾಸದ ಕೊರತೆಯೇ ಕಾರಣವಾಗಿದ್ದರೆ ಎರಡೂ ಹುಳಿಯಾಗಬೇಕಿತ್ತು, ಅಲ್ವಾ?

ಹುರಿಯೋದರಲ್ಲಿ ಆಗುವ ತಪ್ಪು ಏನು? ಹಸಿ ಬೀಜದಲ್ಲಿ ಶೇಕಡ 10ರಿಂದ 12ರಷ್ಟು ನೀರಿರುತ್ತದೆ. ಬಿಸಿ ಏರಿದಂತೆ ಅದು ಹಳದಿಯಾಗಿ, ಕಂದಾಗಿ, ಸುಮಾರು 200 ಡಿಗ್ರಿ ಹತ್ತಿರ ಚಟಪಟ ಸಿಡಿಯುತ್ತದೆ. ಅದಾದ ಮೇಲೆ ಇನ್ನೂ ಸ್ವಲ್ಪ ಹೊತ್ತು ಒಳಗೆ ಬೇಯಬೇಕು. ಚಟ್ನಿಪುಡಿಗೆ ಶೇಂಗಾ ಹುರಿಯುವಾಗ ಉರಿ ದೊಡ್ಡದಾದರೆ ಸಿಪ್ಪೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದಲ್ಲ, ಇಲ್ಲೂ ಅದೇ ಕಥೆ. ನಾನು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ತೋಟದಿಂದ ಬಂದ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆಯಲ್ಲಿ, ರುಚಿ ನೋಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಯಾಂಪಲ್ ಹುರಿಯುವ ಯಂತ್ರದ ಮುಂದೆ ನಿಲ್ಲಿಸಿದ್ದರು. ಸುಟ್ಟುಹೋದೀತು ಅನ್ನೋ ಹೆದರಿಕೆ. ಮೊದಲ ಚಟಪಟ ಕೇಳಿದ ತಕ್ಷಣ ಬೀಜ ಹೊರಗೆ ಸುರಿದುಬಿಟ್ಟೆ. ನೋಡೋಕೆ ಚಂದ ಇತ್ತು, ದಾಲ್ಚಿನ್ನಿ ಬಣ್ಣ. ಹಿರಿಯರು ಒಂದು ಚಮಚ ಸುರ್ ಅಂತ ಹೀರಿ ಡಬ್ಬಿಗೆ ಉಗುಳಿದರು. ‘ಇದು ಕಾಫಿ ಅಲ್ಲ ಮಾರಾಯ, ಹಸಿ ಬಟಾಣಿ’ ಅಂದರು. ಹೊಸ ರೋಸ್ಟರ್‌ಗಳಲ್ಲಿ ಎಷ್ಟೋ ಜನ ಈಗ ಅದೇ ಹೆದರಿಕೆಯ ಹಂತದಲ್ಲಿದ್ದಾರೆ. ತಪ್ಪಲ್ಲ, ಕಲಿಯುತ್ತಾರೆ. ಕಲಿಕೆಯ ಖರ್ಚನ್ನು ಗಿರಾಕಿಯ ತಲೆಗೆ ಕಟ್ಟಿ ‘ಅಭ್ಯಾಸ ಆಗ್ಬೇಕು’ ಅನ್ನೋದು ಮಾತ್ರ ನನಗೆ ಹಿಡಿಸೋದಿಲ್ಲ.

ಇದನ್ನು ಪರೀಕ್ಷಿಸಲು ಯಂತ್ರ ಬೇಡ, ಹಲ್ಲು ಸಾಕು. ಒಂದು ಹುರಿದ ಬೀಜ ಕೇಳಿ ತೆಗೆದುಕೊಂಡು ಕಚ್ಚಿ. ಸರಿಯಾಗಿ ಬೆಂದ ಬೀಜ, ಬಣ್ಣ ತೆಳುವಿದ್ದರೂ, ಗರಿಗರಿಯಾಗಿ ಪುಡಿಯಾಗುತ್ತದೆ. ಒಳಗೆ ಹಸಿ ಉಳಿದದ್ದು ಗಟ್ಟಿ ಇರುತ್ತದೆ, ಹಲ್ಲಿಗೆ ಚರ್ಮದ ಹಾಗೆ ಎಳೆಯುತ್ತದೆ, ಹುಲ್ಲಿನ ಅಥವಾ ಹಸಿ ಶೇಂಗಾದ ರುಚಿ ಬರುತ್ತದೆ. ನಿಮ್ಮ ವಯಸ್ಸಿನವರು ಹಲ್ಲು ನೋಡಿಕೊಂಡು ಕಚ್ಚಿ, ಇಲ್ಲ ಮಗನ ಕೈಗೆ ಕೊಡಿ.

ಇನ್ನೊಂದು ಕಾರಣ ನೀರು. ಹುರಿ ಸರಿಯಿದ್ದರೂ ನೀರು ಸಾಕಷ್ಟು ಬಿಸಿ ಇಲ್ಲದಿದ್ದರೆ, ಅಥವಾ ಬೇಗ ಇಳಿದುಹೋದರೆ, ಮೊದಲು ಹೊರಬರುವುದು ಹುಳಿ. ಸಿಹಿ, ಕಹಿ ಆಮೇಲೆ ಬರುತ್ತವೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ನಿಮ್ಮಲ್ಲಿ ನೀರು ಕುದಿಯೋದೇ 97 ಡಿಗ್ರಿ ಆಸುಪಾಸು. ತೆಳು ಹುರಿಯ ಕಾಫಿಗೆ 90ರಿಂದ 96 ಡಿಗ್ರಿ ಬೇಕು. ಅಂದರೆ ಕುದಿ ಇಳಿಸಿದ ತಕ್ಷಣ ಸುರಿಯಬೇಕು. ಜಾರ್‌ನಲ್ಲಿ ಐದು ನಿಮಿಷ ಆರಿಸಿ ಸುರಿದರೆ ಲಿಂಬು ಶರಬತ್ತು ಗ್ಯಾರಂಟಿ. ಆರ್‌ಓ ನೀರಿನದೂ ಒಂದು ತಕರಾರು. ಅದರಲ್ಲಿ ಖನಿಜ ತೀರಾ ಕಡಿಮೆ, ಹಾಗಾಗಿ ಹುಳಿ ಚೂಪಾಗುತ್ತದೆ. ಕಾಫಿಗೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಖನಿಜದ ಅಳತೆ, 150ರ ಆಸುಪಾಸು ಇದ್ದರೆ ಒಳ್ಳೆಯದು. ಬಾಗಲಕೋಟೆ, ವಿಜಯಪುರದ ಗಡಸು ಬೋರ್‌ವೆಲ್ ನೀರಿನಲ್ಲಿ ಇದರ ಉಲ್ಟಾ, ಎಷ್ಟು ಒಳ್ಳೆಯ ಬೀಜ ಹಾಕಿದರೂ ಸಪ್ಪೆ. ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳಿಂದ ನಲ್ಲಿಗೆ ಬರುವ ನೀರನ್ನು ಮನೆಯಲ್ಲಿ ಕುದಿಸಿ, ಸೋಸಿ, ಆರ್‌ಓ ನೀರಿನ ಜೊತೆ ಅರ್ಧರ್ಧ ಬೆರೆಸಿ ಒಮ್ಮೆ ಮಾಡಿ ನೋಡಿ.

ಇನ್ನು ನಿಮ್ಮ ತಮ್ಮನವರ ಆರೋಪ. ಚಿಕೋರಿ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡುತ್ತಾರೆ. ಕೆಫೀನ್ ಇಲ್ಲ, ಬಣ್ಣ ಮತ್ತು ಗಟ್ಟಿತನ ಕೊಡುತ್ತದೆ. ಪೊಟ್ಟಣದ ಮೇಲೆ ಎಷ್ಟು ಪಾಲು ಅಂತ ಬರೆದು ಮಾರಿದರೆ ಅದು ಕಲಬೆರಕೆ ಅಲ್ಲ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡ 51 ಇರಲೇಬೇಕು. ಹೇಳದೆ ಬೆರೆಸಿದರೆ ಅದು ಕಲಬೆರಕೆ. ಅನುಮಾನ ಇದ್ದರೆ ಒಂದು ಗಾಜಿನ ಲೋಟದ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ, ಅಲ್ಲಾಡಿಸಬೇಡಿ. ಕಾಫಿ ಮೇಲೆ ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತಾ ತಳಕ್ಕೆ ಇಳಿಯುತ್ತದೆ. ನನ್ನ ಮನೆಯಲ್ಲೂ ಬೆಳಿಗ್ಗೆಯ ಹಾಲಿನ ಕಾಫಿಗೆ ಶೇಕಡ 15 ಚಿಕೋರಿ ಇದೆ. ಅದಕ್ಕೆ ನಾಚಿಕೆ ಪಡುವಂಥದ್ದು ಏನಿದೆ?

ನಿದ್ದೆಯ ಲೆಕ್ಕ ಸುಲಭ. ಕಪ್ಪಗೆ ಹುರಿದದ್ದು ‘ಸ್ಟ್ರಾಂಗ್’, ತೆಳುವಾದದ್ದು ಮೆದು ಅನ್ನೋದು ತಪ್ಪು ತಿಳಿವಳಿಕೆ. ಹುರಿಯುವುದರಿಂದ ಕೆಫೀನ್ ಹೆಚ್ಚುಕಡಿಮೆ ಆಗೋದು ತೀರಾ ಕಡಿಮೆ. ವ್ಯತ್ಯಾಸ ಇರೋದು ಜಾತಿಯಲ್ಲಿ, ಮತ್ತೆ ಪುಡಿ ಎಷ್ಟು ಹಾಕಿದರು ಅನ್ನೋದರಲ್ಲಿ. ಅರೇಬಿಕಾ ಬೀಜದಲ್ಲಿ ಸುಮಾರು ಶೇಕಡ 1.2, ರೋಬಸ್ಟಾದಲ್ಲಿ ಅದರ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಒಂದು ಪೋರ್ ಓವರ್‌ಗೆ ಸಾಮಾನ್ಯವಾಗಿ 15 ಗ್ರಾಂ ಪುಡಿ ಹಾಕುತ್ತಾರೆ. ಅಷ್ಟರಲ್ಲಿ 180 ಮಿಲಿಗ್ರಾಂ ಕೆಫೀನ್, ಅದರ ಬಹುಪಾಲು ಕಪ್ಪಿಗೆ ಇಳಿಯುತ್ತದೆ. ನಿಮ್ಮ ಮನೆಯ ಲೋಟಕ್ಕೆ 8 ಗ್ರಾಂ ಪುಡಿ, ಅದರಲ್ಲೂ ಮೂರರಲ್ಲಿ ಒಂದು ಪಾಲು ಚಿಕೋರಿ ಅಂತಿಟ್ಟುಕೊಳ್ಳಿ. ಸುಮಾರು ಇದರ ಅರ್ಧ. ನೀವು ಒಂದೇ ಸಂಜೆ ಎರಡು ಪೋರ್ ಓವರ್ ಕುಡಿದಿರಿ. ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಅರ್ಧ ಒಳಗೇ ಕೂತಿರುತ್ತದೆ. ನಿದ್ದೆ ಬಾರದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನಾನು ಡಾಕ್ಟರ್ ಅಲ್ಲ. ಬಿಪಿಗೆ ನಿಮ್ಮ ಡಾಕ್ಟರ್ ಮಾತೇ ಕೊನೆ. ನನಗೆ ಗೊತ್ತಿರುವುದು ಇಷ್ಟು: ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ತನಕ ತೊಂದರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳಿದೆ. ಆದರೆ ಕಾಫಿ ಅಭ್ಯಾಸ ಇಲ್ಲದವರಿಗೆ ಒಮ್ಮೆಲೇ ಜಾಸ್ತಿಯಾದರೆ ಕೆಲವು ತಾಸು ಬಿಪಿ ಏರುತ್ತದೆ. ಮನೆಯಲ್ಲಿ ಮಷೀನ್ ಇದ್ದರೆ ಕುಡಿಯುವ ಮುಂಚೆ ಒಮ್ಮೆ, ಒಂದು ತಾಸಿನ ಮೇಲೆ ಒಮ್ಮೆ ಅಳೆದು ಆ ಚೀಟಿ ಡಾಕ್ಟರ್‌ಗೆ ತೋರಿಸಿ. ಎದೆ ಉರಿಗೂ ನಾಲಿಗೆಯ ಹುಳಿಗೂ ನೇರ ಸಂಬಂಧ ಇಲ್ಲ. ಕಾಫಿಯ ಪಿಎಚ್ 5ರ ಹತ್ತಿರ, ಲಿಂಬೆರಸದ್ದು 2ರ ಹತ್ತಿರ; ಈ ಅಂಕಿ ಕಡಿಮೆಯಾದಷ್ಟೂ ಆಮ್ಲ ಜಾಸ್ತಿ. ಕಾಫಿ ಹೊಟ್ಟೆಯ ಆಮ್ಲ ಜಾಸ್ತಿ ಮಾಡಿಸುತ್ತದೆ, ತೊಂದರೆ ಅಲ್ಲಿ. ಹುಳಿ ಇರಲಿ ಇಲ್ಲದಿರಲಿ, ಖಾಲಿ ಹೊಟ್ಟೆಯಲ್ಲಿ ಬೇಡ.

240 ರೂಪಾಯಿ ಜಾಸ್ತಿನಾ? ನೀವು ತಂದ ಪೊಟ್ಟಣದ ಲೆಕ್ಕದಲ್ಲೇ 15 ಗ್ರಾಂ ಪುಡಿಗೆ 36 ರೂಪಾಯಿ. ಉಳಿದದ್ದು ಬಾಡಿಗೆ, ಎಸಿ, ಮಷೀನು, ಎರಡು ತಾಸು ಎಬ್ಬಿಸದೆ ಕೂರಿಸಿದ ಕುರ್ಚಿ. ಅದನ್ನು ತಪ್ಪು ಅನ್ನಲಾರೆ. ಆದರೆ ಕುರ್ಚಿಯ ದುಡ್ಡು ಕೊಟ್ಟೆವು ಅಂತ ಗೊತ್ತಿದ್ದು ಕೊಟ್ಟರೆ ಹೊಟ್ಟೆ ಉರಿಯೋದಿಲ್ಲ. ಬೀಜದ ಬೆಲೆಯೂ ಏರಿತ್ತು. 2025ರ ಆರಂಭದಲ್ಲಿ ಅರೇಬಿಕಾ ಬೆಲೆ ಜಾಗತಿಕ ಮಾರುಕಟ್ಟೆಯಲ್ಲಿ ಒಂದು ಪೌಂಡ್ ತೂಕಕ್ಕೆ 4 ಡಾಲರ್ ದಾಟಿತ್ತು. ಅದರ ಮೇಲೆ, ಹುರಿಯುವಾಗ ಒಂದು ಕಿಲೋ ಹಸಿ ಬೀಜ 850 ಗ್ರಾಂ ಆಸುಪಾಸಿಗೆ ಇಳಿಯುತ್ತದೆ.

‘ಸ್ಪೆಷಾಲಿಟಿ’ ಅನ್ನೋ ಪದಕ್ಕೂ ಒಂದು ಅರ್ಥ ಇದೆ. ತರಬೇತಿ ಪಡೆದವರು ಕಪ್ಪಿಂಗ್ ಮಾಡಿ, ಅಂದರೆ ಬಟ್ಟಲಲ್ಲಿ ನೆನೆಸಿ ಚಮಚದಲ್ಲಿ ಹೀರಿ, 100ಕ್ಕೆ 80 ಅಥವಾ ಹೆಚ್ಚು ಅಂಕ ಕೊಟ್ಟ ಕಾಫಿಗೆ ಆ ಹೆಸರು. ಅದಕ್ಕೂ ಮೊದಲು 350 ಗ್ರಾಂ ಹಸಿ ಬೀಜ ಹರಡಿ, ಪೂರ್ತಿ ಕಪ್ಪಾದ ಬೀಜದಂಥ ದೊಡ್ಡ ದೋಷ ಒಂದೂ ಇಲ್ಲ ಅಂತ ನೋಡಬೇಕು. ಆದರೆ ಅಂಕ ಸಿಗುವುದು ಹಸಿ ಬೀಜದ ಗುಣಕ್ಕೆ. 86 ಅಂಕದ ಬೀಜವನ್ನೂ ಹಸಿಯಾಗಿ ಹುರಿದರೆ ಕೆಟ್ಟಿತು. ಹಾಗೇ ‘100% ಅರೇಬಿಕಾ’ ಅನ್ನೋದು ಜಾತಿ ಹೇಳುತ್ತದೆ, ರುಚಿ ಹೇಳೋದಿಲ್ಲ.

ಇನ್ನು ಮುಂದಿನ ತಿಂಗಳ ಭೇಟಿ. ಭಾನುವಾರ ಸಂಜೆ ಬೇಡ. ವಾರದ ನಡುವೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ತಿಂಡಿ ತಿಂದು ಹೋಗಿ. ಆಗ ಕಾಫಿ ಇಳಿಸುವವರಿಗೂ ಪುರಸೊತ್ತು ಇರುತ್ತದೆ. ಮೊದಲ ಪ್ರಶ್ನೆ, ‘ಇದನ್ನು ಯಾವತ್ತು ಹುರಿದದ್ದು?’ ನಿನ್ನೆ ಹುರಿದದ್ದು ಅಂದರೆ ಹಿಗ್ಗಬೇಡಿ. ಹೊಸದಾಗಿ ಹುರಿದ ಬೀಜದಲ್ಲಿ ಹುರಿಯುವಾಗ ಹುಟ್ಟಿದ ಅನಿಲ ತುಂಬಿರುತ್ತದೆ, ರುಚಿ ಒರಟು. ತೆಳು ಹುರಿಗೆ ಒಂದು ವಾರ ಹತ್ತು ದಿನ ಕೂರಬೇಕು. ಎರಡು ತಿಂಗಳು ದಾಟಿದ್ದರೆ ಬಿಡಿ. ತಾರೀಖೇ ಗೊತ್ತಿಲ್ಲ ಅಂದರೆ ಚಹಾ ಹೇಳಿ.

ಎರಡನೆಯದು, ‘ವಾಶ್ಡ್ ಇದೆಯಾ?’ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ್ದು ವಾಶ್ಡ್. ಹಣ್ಣಿನ ಸಮೇತ ಒಣಗಿಸಿದ್ದು ನ್ಯಾಚುರಲ್. ನಮ್ಮ ತೋಟದವರು ಅದನ್ನು ಚೆರಿ ಅನ್ನುತ್ತಾರೆ. ಡ್ರಮ್ಮಿನಲ್ಲಿ ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ್ದಕ್ಕೆ ಆನೆರೋಬಿಕ್ ಅಂತ ಹೆಸರು. ಅದರಲ್ಲಿ ಕೆಲವು ಕಾಫಿ ಮದ್ಯದ ಬಾಟಲಿ ತೆರೆದಷ್ಟೇ ಘಾಟು. ಚಹಾದ ನಾಲಿಗೆಗೆ ವಾಶ್ಡ್ ಒಳ್ಳೆಯ ಶುರು. ಮೆನುವಿನಲ್ಲಿ ಎಸ್.795 ಕಂಡರೆ ಅದನ್ನೇ ಕೇಳಿ. 1940ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಹೊರಬಂದ ತಳಿ ಅದು. ನನ್ನ ಅನುಭವದಲ್ಲಿ ಚೆನ್ನಾಗಿ ಹುರಿದರೆ ಮೆದು ಹುಳಿ, ಬೆಲ್ಲದಂಥ ಸಿಹಿ. ಅಂದಹಾಗೆ, ‘ನೋಟ್ಸ್: ಕಿತ್ತಳೆ, ಬೆಲ್ಲ’ ಅಂತ ಬರೆದದ್ದಕ್ಕೆ ಕಿತ್ತಳೆ ಬೆರೆಸಿದ್ದಾರೆ ಅಂತ ಅರ್ಥವಲ್ಲ. ರುಚಿ ನೋಡಿದವನಿಗೆ ಹಾಗೆ ನೆನಪಾಯಿತು, ಅಷ್ಟೇ. ನಿಮಗೆ ಶೇಂಗಾ ನೆನಪಾದರೆ ಅದೂ ಸರಿಯೇ.

ಮೂವರಿಗೆ ಒಂದೇ ಪೋರ್ ಓವರ್ ಹೇಳಿ ಹಂಚಿಕೊಳ್ಳಿ. ಕೇಕ್ ತಿಂದು ಕುಡಿಯಬೇಡಿ, ಸಿಹಿಯ ಮೇಲೆ ಯಾವ ಕಾಫಿಯೂ ಹುಳಿಯೇ. ಕಪ್ಪು ಆರಲು ಬಿಡಿ. ಬಿಸಿಯಲ್ಲಿ ಎಲ್ಲ ಕಾಫಿಯೂ ಸುಮಾರಾಗಿ ಚೆನ್ನಾಗಿರುತ್ತದೆ. ಉಗುರುಬೆಚ್ಚಗಾದ ಮೇಲೆ ಬಣ್ಣ ಬಯಲು. ಒಳ್ಳೆಯದು ಇನ್ನೂ ಸಿಹಿಯಾಗುತ್ತದೆ, ಹಸಿ ಹುರಿಯದು ಹುಲ್ಲು ನೀರಾಗುತ್ತದೆ. ಹಿಡಿಸಲಿಲ್ಲ ಅಂದರೆ ಮೆತ್ತಗೆ ಹೇಳಿ. ‘ಬೇರೆ ಬೀಜದಲ್ಲಿ ಮಾಡಿಕೊಡ್ತೀನಿ ಸರ್’ ಅನ್ನುವ ಅಂಗಡಿಯಾದರೆ ಮತ್ತೆ ಹೋಗಿ.

ಮನೆಗೆ ಕೊಳ್ಳುವಾಗ ‘ಫಿಲ್ಟರ್’ ಅನ್ನೋ ಒಂದೇ ಪದ ಬೇಡ. ‘ಹಿತ್ತಾಳೆ ಫಿಲ್ಟರ್, ಡಿಕಾಕ್ಷನ್ ತೆಗೀತೀವಿ, ಹಾಲು ಹಾಕ್ತೀವಿ’ ಅಂತ ಪೂರ್ತಿ ಹೇಳಿ. ಮಧ್ಯಮಕ್ಕಿಂತ ಸ್ವಲ್ಪ ಕಪ್ಪು ಹುರಿ, ಅರೇಬಿಕಾ 70, ರೋಬಸ್ಟಾ 30. ಚಿಕೋರಿ ನಿಮ್ಮಿಷ್ಟ. ಚಿಕೋರಿ ಬಿಟ್ಟರೆ ಡಿಕಾಕ್ಷನ್ ತೆಳುವಾಗುತ್ತದೆ, ಪುಡಿ ಒಂದು ಚಮಚ ಜಾಸ್ತಿ ಹಿಡಿಯುತ್ತದೆ. ರೋಬಸ್ಟಾ ಜಾಸ್ತಿ ಮಾಡಿದರೆ ಕಡಕ್ ಆಗುತ್ತದೆ, ಕೆಫೀನೂ ಏರುತ್ತದೆ. ನಿಮ್ಮ ಬಿಪಿ ನೋಡಿಕೊಂಡು 30 ದಾಟಿಸಬೇಡಿ. ಒಮ್ಮೆಗೆ ಕಾಲು ಕಿಲೋಗಿಂತ ಹೆಚ್ಚು ಬೇಡ. ನಿಮ್ಮೂರ ಮಳೆಗಾಲದ ತೇವಕ್ಕೆ ಪುಡಿ ಬೇಗ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿ ಸಾಕು, ಫ್ರಿಜ್ ಬೇಡ.

ಉಳಿದ ಪೊಟ್ಟಣ ಎಸೆಯಬೇಡಿ. ಸ್ಟೀಲ್ ಲೋಟಕ್ಕೆ ಎರಡು ಚಮಚ ತುಂಬ, ಸುಮಾರು 11 ಗ್ರಾಂ ಪುಡಿ ಹಾಕಿ. ಆಗಷ್ಟೇ ಕುದಿ ಇಳಿಸಿದ ನೀರು 200 ಮಿಲಿಲೀಟರ್ ಸುರಿಯಿರಿ. ನಾಲ್ಕು ನಿಮಿಷ ಮುಟ್ಟಬೇಡಿ. ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಲ್ಲಿ ಮುರಿದು, ನೊರೆ ತೆಗೆದು ಬಿಸಾಡಿ. ಇನ್ನೂ ಐದು ನಿಮಿಷ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನದನ್ನು ಮೆಲ್ಲಗೆ ಬೇರೆ ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಹೀಗೆ ಮಾಡಿದಾಗ ಸ್ವಲ್ಪವಾದರೂ ಸಿಹಿ ಹತ್ತಿದರೆ ಬೀಜ ಒಳ್ಳೆಯದು, ಕೆಫೆಯವರು ಇಳಿಸಿದ್ದು ತಪ್ಪು. ಆಗಲೂ ಬರೀ ಹುಳಿ, ಹಿಂದೆ ಹುಲ್ಲಿನ ವಾಸನೆ ಇದ್ದರೆ ಹುರಿದದ್ದೇ ತಪ್ಪು. ಆ ಪೊಟ್ಟಣ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಹುರಿದವರನ್ನೇ ಕರೆಸಿ ಒಂದು ಲೋಟ ಕುಡಿಸಿ.